‘ನೀನೂ ಕಟ್ಟಬಹುದು’ ಎಂದವನ ಹೊಣೆ

1934ರಲ್ಲಿ ಫ್ರಾನ್ಸಿನಲ್ಲಿ ‘ಲ ಸ್ಪೋರ್ ದ ಲೇರ್’ ಎಂಬ ಪುಸ್ತಕವೊಂದು ಬಂತು. ಗಾಳಿಯ ಆಟ ಅಂತ ಹೆಸರಿನ ಅರ್ಥ. ಬರೆದವನು ಆಂರಿ ಮಿನ್ಯೆ. ಸೂತ್ರಗಳನ್ನು ಬದಿಗೆ ಸರಿಸಿ, ಜಗಲಿಯ ಮೇಲೆ ಕೂತು ಗೆಳೆಯನ ಜೊತೆ ಹರಟಿದ ಹಾಗೆ ಬರೆದ ಪುಸ್ತಕ ಅದು. ಚಿತ್ರಗಳನ್ನೂ ತಾನೇ ಬಿಡಿಸಿದ್ದಾನೆ. ಒಂದು ವಿಮಾನವನ್ನು ಮನೆಯಲ್ಲೇ ಹೇಗೆ ಕಟ್ಟಬೇಕು, ಕಟ್ಟಿದ ಮೇಲೆ ಗುರುವಿಲ್ಲದೆ ಹಾರುವುದನ್ನು ಹೇಗೆ ಕಲಿಯಬೇಕು ಅನ್ನುವುದೇ ಅದರ ವಸ್ತು. ಪ್ಯಾಕಿಂಗ್ ಪೆಟ್ಟಿಗೆಗೆ ಮೊಳೆ ಹೊಡೆಯಬಲ್ಲವನು ವಿಮಾನವನ್ನೂ ಕಟ್ಟಬಲ್ಲ ಎಂದು ಆತ ಓದುಗರಿಗೆ ಧೈರ್ಯ ಹೇಳಿದ. ನೂರಾರು ಜನ ಆ ಮಾತನ್ನು ನಂಬಿ ಗ್ಯಾರೇಜುಗಳಲ್ಲಿ, ಕೊಟ್ಟಿಗೆಗಳಲ್ಲಿ ಮರ ಕೊಯ್ಯಲು ಕೂತರು. 1936 ಮುಗಿಯುವ ಹೊತ್ತಿಗೆ ಅವರಲ್ಲಿ ಕೆಲವರು ತಾವೇ ಕಟ್ಟಿದ ವಿಮಾನದಲ್ಲಿ ಸತ್ತಿದ್ದರು.

ಈ ಸಾವುಗಳು ಯಾರ ಲೆಕ್ಕಕ್ಕೆ ಸೇರುತ್ತವೆ? ಬರೆದವನ ಲೆಕ್ಕಕ್ಕೋ, ಓದಿ ನಂಬಿದವರ ಲೆಕ್ಕಕ್ಕೋ, ಅಥವಾ ಯಾರ ಲೆಕ್ಕಕ್ಕೂ ಸೇರದೆ ಗಾಳಿಗೆ ಬಿಟ್ಟ ಸಾವುಗಳೋ? ನಾನು ತತ್ವಶಾಸ್ತ್ರದ ಸಂಶೋಧನಾ ವಿದ್ಯಾರ್ಥಿ. ಅಪಾಯ ಮತ್ತು ಸಮ್ಮತಿ ನನ್ನ ಪ್ರಬಂಧದ ವಿಷಯ. ವಿಮಾನಗಳ ಬಗ್ಗೆ ನನಗಿದ್ದ ಜ್ಞಾನ ಕಿಟಕಿ ಪಕ್ಕದ ಸೀಟು ಕೇಳುವಷ್ಟರದ್ದು. ತತ್ವಶಾಸ್ತ್ರದ ಪುಸ್ತಕಗಳಲ್ಲಿ ಬರುವ ಉದಾಹರಣೆಗಳು ಎಷ್ಟು ಚೊಕ್ಕವಾಗಿರುತ್ತವೆ ಎಂದರೆ ಅವುಗಳಲ್ಲಿ ಯಾರಿಗೂ ಹೆಸರಿರುವುದಿಲ್ಲ, ಯಾರ ಕೈಗೂ ಅಂಟು ಮೆತ್ತಿರುವುದಿಲ್ಲ. ನಿಜವಾದ ಒಂದು ಪ್ರಸಂಗಕ್ಕಾಗಿ ಹುಡುಕುವಾಗ ಮಿನ್ಯೆ ಸಿಕ್ಕಿದ. ಪ್ರಬಂಧದಲ್ಲಿ ಆತನಿಗೆ ಅರ್ಧ ಪುಟ ಸಿಕ್ಕೀತು, ಅಷ್ಟೆ. ಉಳಿದದ್ದನ್ನು ಇಲ್ಲಿ ಬರೆಯುತ್ತಿದ್ದೇನೆ.

ಮೊದಲು ಆ ಯಂತ್ರದ ಬಗ್ಗೆ. ಮಿನ್ಯೆ ಇಟ್ಟ ಹೆಸರು ‘ಪೂ ದ್ಯು ಸಿಯೆಲ್’, ಅಂದರೆ ಆಕಾಶದ ಹೇನು. ಫೋರ್ಡ್ ಕಂಪನಿಯ ಮಾಡೆಲ್ ಟಿ ಕಾರು ಎಲ್ಲೆಲ್ಲೂ ತುಂಬಿಕೊಂಡಾಗ ಫ್ರೆಂಚರು ಅದನ್ನು ರಸ್ತೆಯ ಹೇನು ಅಂತ ಗೇಲಿ ಮಾಡುತ್ತಿದ್ದರಂತೆ. ಹಾಗಾದರೆ ಇದು ಆಕಾಶದ್ದು ಇರಲಿ ಅಂತ ಮಿನ್ಯೆ. ಇಂಗ್ಲಿಷಿಗೆ ಹೋಗುವಾಗ ಅನುವಾದಕರಿಗೆ ಹೇನು ಮುಜುಗರ ತಂದಿರಬೇಕು, ಅಲ್ಲಿ ಅದು ಚಿಗಟವಾಯಿತು. ಕಚ್ಚುವ ಹುಳುವಾದರೂ ಪರವಾಗಿಲ್ಲ, ತಲೆಯಲ್ಲಿರುವುದು ಮಾತ್ರ ಬೇಡ! ನಾನಂತೂ ಹೇನು ಅಂತಲೇ ಕರೆಯುತ್ತೇನೆ. ಬಡವರ ತಲೆಯ ಹುಳುವಿನ ಹೆಸರನ್ನು ವಿಮಾನಕ್ಕಿಟ್ಟವನಿಗೆ ತಾನು ಯಾರ ಪರ ಎಂಬುದು ಗೊತ್ತಿತ್ತು. ಆ ದಿನಗಳಲ್ಲಿ ಯುರೋಪಿನಲ್ಲೂ ಸ್ವಂತ ವಿಮಾನ ಎಂದರೆ ಶ್ರೀಮಂತರ ಭಾನುವಾರ.

ಹೇನಿಗೆ ಒಂದರ ಹಿಂದೆ ಒಂದರಂತೆ ಎರಡು ರೆಕ್ಕೆ. ಮುಂದಿನದು ಪೈಲಟನ ತಲೆಯ ಮೇಲೆ, ಹಿಂದಿನದು ಅದಕ್ಕಿಂತ ತುಸು ಕೆಳಗೆ, ಆತನ ಬೆನ್ನ ಹಿಂದೆ. ಉದ್ದ ಮೂರೂವರೆ ಮೀಟರಿನಷ್ಟು. ನಮ್ಮ ಓಮ್ನಿ ವ್ಯಾನಿಗಿಂತ ಅಷ್ಟೇನೂ ಹೆಚ್ಚಲ್ಲ. ಖಾಲಿ ತೂಕ ಸುಮಾರು 100 ಕಿಲೋ. ಎಂಜಿನ್ 17 ಅಶ್ವಶಕ್ತಿಯದು. ಸಾಮಾನ್ಯ ವಿಮಾನದಲ್ಲಿ ಕೈಗೊಂದು ಹಿಡಿಕೋಲು, ಕಾಲಿಗೆ ಪೆಡಲುಗಳು ಇರುತ್ತವೆ. ಕೈಯಿಂದ ವಿಮಾನವನ್ನು ಓರೆ ಮಾಡಿ, ಕಾಲಿಂದ ಬಾಲದ ಚುಕ್ಕಾಣಿ ತಿರುಗಿಸಿ, ಎರಡನ್ನೂ ಹದವಾಗಿ ಕೂಡಿಸಿದರೆ ತಿರುವು ಸರಿಯಾಗಿ ಬರುತ್ತದೆ. ಮಿನ್ಯೆಗೆ ಈ ಹದ ಎಂದೂ ಒಲಿಯಲಿಲ್ಲ. ಬೇರೆಯವರಾದರೆ ವಿಮಾನ ನನಗೆ ಆಗಿಬರದ್ದು ಅಂತ ಸುಮ್ಮನಾಗುತ್ತಿದ್ದರು. ಮಿನ್ಯೆ ಪೆಡಲುಗಳನ್ನೇ ಕಿತ್ತು ಹಾಕಿದ. ಹಿಡಿಕೋಲನ್ನು ಎಡಕ್ಕೋ ಬಲಕ್ಕೋ ಸರಿಸಿದರೆ ಚುಕ್ಕಾಣಿ ತಿರುಗುತ್ತದೆ, ಹಿಂದಕ್ಕೆಳೆದರೆ ಮುಂದಿನ ರೆಕ್ಕೆಯೇ ಇಡಿಯಾಗಿ ಓರೆಯಾಗಿ ಮೂತಿಯನ್ನು ಎತ್ತುತ್ತದೆ. ಅಷ್ಟೇ. ಕಾಲಿಗೆ ಕೆಲಸವಿಲ್ಲ.

ನನಗೆ ಇದು ತುಂಬ ಹಿಡಿಸಿತು. ತನಗೆ ಬಾರದ್ದನ್ನು ತನ್ನ ಕೊರತೆ ಎಂದುಕೊಳ್ಳದೆ ಯಂತ್ರದ ಕೊರತೆ ಎಂದುಕೊಳ್ಳುವ ಮನುಷ್ಯ ಒಂದೋ ಹುಂಬ, ಇಲ್ಲವೇ ನಮ್ಮೆಲ್ಲರ ಉಪಕಾರಿ. ಕೆಲವೊಮ್ಮೆ ಒಬ್ಬನೇ ಎರಡೂ ಆಗಿರುತ್ತಾನೆ.

ಸೊಯಸ್ಸೋಂ ಎಂಬ ಊರಿನ ಹತ್ತಿರ, ಕಾಡಿನಂಚಿನ ಬಯಲಿನಲ್ಲಿ, ಹೆಂಡತಿಯೊಂದಿಗೆ ಡೇರೆ ಹಾಕಿಕೊಂಡು ಪ್ರಯೋಗ ಮಾಡಿದ ಮಿನ್ಯೆ 1933ರ ಸೆಪ್ಟೆಂಬರ್ 10ರಂದು ಹೇನನ್ನು ಹಾರಿಸಿದ. ಅದು ಆತನ 14ನೆಯ ವಿನ್ಯಾಸ; ‘ಎಚ್‌ಎಂ-14’ ಎಂಬ ಹೆಸರಿನಲ್ಲಿರುವ ಸಂಖ್ಯೆ ಅದೇ. ಮರುವರ್ಷ ಪುಸ್ತಕ ಬಂತು. 1935ರ ಆಗಸ್ಟಿನಲ್ಲಿ ಹೇನಿನ ಮೇಲೆ ಕೂತು ಇಂಗ್ಲಿಷ್ ಕಾಲುವೆಯನ್ನೇ ದಾಟಿ ಬ್ರಿಟನ್ನಿಗೆ ಹೋಗಿ ಇಳಿದ. ಪುಸ್ತಕದ ಇಂಗ್ಲಿಷ್ ಅನುವಾದ ಬಿಸಿ ದೋಸೆಯಂತೆ ಖರ್ಚಾಯಿತು. ಬ್ರಿಟನ್ನೊಂದರಲ್ಲೇ ನೂರಕ್ಕೂ ಹೆಚ್ಚು ಹೇನುಗಳಿಗೆ ಹಾರುವ ಅನುಮತಿ ಸಿಕ್ಕಿತು. ಅನುಮತಿಯ ಗೊಡವೆಗೆ ಹೋಗದೆ ಕಟ್ಟಿದವರು, ಅರ್ಧ ಕಟ್ಟಿ ಬಿಟ್ಟವರು ಇನ್ನೆಷ್ಟೋ.

ಮುಂದಕ್ಕೆ ಹೋಗುವ ಮೊದಲು ಒಂದು ಮಾತಿನ ಹತ್ತಿರ ನಿಲ್ಲಬೇಕು. ಮಿನ್ಯೆಯ ಭರವಸೆಯನ್ನು ಕನ್ನಡದಲ್ಲಿ ಎರಡು ಬಗೆಯಾಗಿ ಹೇಳಲು ಬರುತ್ತದೆ. ‘ನೀನೂ ಕಟ್ಟಬಲ್ಲೆ’ ಮತ್ತು ‘ನೀನೂ ಕಟ್ಟಬಹುದು’. ‘ಬಲ್ಲೆ’ ಕೈಯ ಕಸುಬಿಗೆ ಸೇರಿದ ಮಾತು, ತಿಳಿವಳಿಕೆಗೂ ಸೇರಿದ್ದು. ಅದಕ್ಕೇ ತಿಳಿದವರನ್ನು ಬಲ್ಲವರು ಎನ್ನುತ್ತೇವೆ. ‘ಬಹುದು’ ಅಷ್ಟು ಸರಳವಲ್ಲ. ‘ಸಂಜೆ ಮಳೆ ಬರಬಹುದು’ ಎಂದರೆ ಬರೀ ಸಾಧ್ಯತೆ. ‘ನೀವಿನ್ನು ಹೊರಡಬಹುದು’ ಎಂದರೆ ಅಪ್ಪಣೆ. ‘ಈ ಬಾವಿಯ ನೀರು ಕುಡಿಯಬಹುದು’ ಎಂದಾಗ ಮೂರನೆಯದೊಂದು ಬಂದು ಸೇರುತ್ತದೆ, ಅಭಯ. ನಾನು ಕುಡಿದಿದ್ದೇನೆ, ನೋಡಿದ್ದೇನೆ, ನಿನಗೇನೂ ಆಗುವುದಿಲ್ಲ ಎಂಬ ಜಾಮೀನು ಆ ಪುಟ್ಟ ಪ್ರತ್ಯಯದೊಳಗೆ ಕೂತಿರುತ್ತದೆ. ಕುಡಿದವನಿಗೆ ವಾಂತಿಭೇದಿಯಾದರೆ ‘ನಾನು ಬರೀ ಸಾಧ್ಯತೆಯ ಮಾತು ಹೇಳಿದ್ದೆ’ ಅಂತ ವ್ಯಾಕರಣ ಎತ್ತಿ ಜಾರಿಕೊಂಡರೆ ಊರಿನವರು ಒಪ್ಪುವುದಿಲ್ಲ.

ಮಿನ್ಯೆ ಹೇಳಿದ್ದರಲ್ಲಿ ‘ಬಲ್ಲೆ’ ನಿಜ. ಸಾಮಾನ್ಯ ಬಡಗಿ ಕೆಲಸ ಬಂದವರು ಹೇನನ್ನು ಕಟ್ಟಿದರು, ಬಹಳ ಮಂದಿ ಚೆನ್ನಾಗಿಯೇ ಕಟ್ಟಿದರು. ‘ಬಹುದು’ವಿನ ಮೊದಲೆರಡು ಅರ್ಥಗಳೂ ನಿಜವೇ. ಪ್ರಶ್ನೆ ಇರುವುದು ಮೂರನೆಯದರಲ್ಲಿ.

ತೊಂದರೆ ಎಲ್ಲಿತ್ತು ಎಂಬುದನ್ನು ನಾನು ಅರ್ಥ ಮಾಡಿಕೊಂಡದ್ದು ಹಾಸ್ಟೆಲಿನಲ್ಲಿ, ಪಕ್ಕದ ಕೋಣೆಯ ಏರೋನಾಟಿಕಲ್ ಗೆಳೆಯನಿಂದ. ಎರಡು ಹಾಳೆಗಳನ್ನು ಎರಡು ಕೈಯಲ್ಲಿ ನೇತಾಡಿಸಿ ಹಿಡಿದು, ನಡುವೆ ಊದು ಎಂದ. ಊದಿದರೆ ಹಾಳೆಗಳು ದೂರ ಸರಿಯುವ ಬದಲು ಒಂದಕ್ಕೊಂದು ಹತ್ತಿರ ಬಂದವು. ‘ಇದು ಪೂರ್ತಿ ಸರಿಯಾದ ವಿವರಣೆಯಲ್ಲ ಮಾರಾಯ, ಇದನ್ನೇ ಬರೆದುಗಿರೆದು ಬಿಟ್ಟೀಯ’ ಅಂತ ಎಚ್ಚರಿಸಿದ. ಬರೆಯುತ್ತಿದ್ದೇನೆ. ಎರಡು ಮೈಗಳ ನಡುವಿನ ಸಂದಿನಲ್ಲಿ ಗಾಳಿ ವೇಗವಾಗಿ ನುಗ್ಗಿದಾಗ ಅಲ್ಲಿ ಒತ್ತಡ ಇಳಿಯುತ್ತದೆ ಎಂಬುದು ಮನಸ್ಸಿಗೆ ಬಂದರೆ ನಮ್ಮ ಕೆಲಸಕ್ಕೆ ಸಾಕು.

ಹೇನಿನ ಮುಂದಿನ ರೆಕ್ಕೆಯ ಹಿಂದಂಚು, ಹಿಂದಿನ ರೆಕ್ಕೆಯ ಮುಂದಂಚಿನ ಮೇಲಕ್ಕೆ ಹತ್ತಿರದಲ್ಲೇ ಬರುತ್ತದೆ. ಎರಡರ ನಡುವೆ ಒಂದು ಸಂದು. ಈ ಸಂದು ಮಿನ್ಯೆಯ ಹೆಮ್ಮೆ. ಸಾಮಾನ್ಯ ವಿಮಾನ ವೇಗ ಕಳೆದುಕೊಂಡು ಮೂತಿ ಎತ್ತಿದರೆ ರೆಕ್ಕೆಯ ಮೇಲಿನ ಗಾಳಿ ಕಳಚಿಕೊಂಡು ವಿಮಾನ ಕಲ್ಲಿನ ಹಾಗೆ ಬೀಳುತ್ತದೆ, ಸ್ಟಾಲ್ ಎನ್ನುತ್ತಾರೆ. ಹೊಸಬರು ಸಾಯುತ್ತಿದ್ದದ್ದು ಹೆಚ್ಚಾಗಿ ಹೀಗೆ. ಹೇನಿನಲ್ಲಿ ಸಂದಿನಿಂದ ನುಗ್ಗುವ ಗಾಳಿ ಹಿಂದಿನ ರೆಕ್ಕೆಯನ್ನು ಹಿಡಿದಿಡುತ್ತದೆ, ಆದ್ದರಿಂದ ಇದು ಆ ರೀತಿ ಬೀಳುವುದಿಲ್ಲ ಎಂಬುದು ಮಿನ್ಯೆಯ ವಾದ. ಆ ವಾದ ಸುಳ್ಳಾಗಿರಲಿಲ್ಲ. ಮೂತಿ ಮೇಲಿರುವಾಗ ಹೇನು ನಿಜಕ್ಕೂ ಸಾಧುವಾಗಿತ್ತು.

ಮೂತಿ ಕೆಳಗಾದಾಗಲೇ ಕಥೆ ತಿರುವುಮುರುವಾದದ್ದು. ವಿಮಾನ ನೆಲದತ್ತ ಇಳಿಯತೊಡಗಿದರೆ ಯಾರಾದರೂ ಮಾಡುವುದು ಒಂದೇ, ಹಿಡಿಕೋಲನ್ನು ತನ್ನೆಡೆಗೆ ಎಳೆಯುವುದು. ಎಳೆದರೆ ಮುಂದಿನ ರೆಕ್ಕೆ ಓರೆಯಾಗುತ್ತದೆ, ಅದರ ಹಿಂದಂಚು ಕೆಳಗಿಳಿಯುತ್ತದೆ, ಸಂದು ಕಿರಿದಾಗುತ್ತದೆ. ಕಿರಿದಾದ ಸಂದಿನಲ್ಲಿ ಗಾಳಿ ಇನ್ನೂ ಜೋರಾಗಿ ನುಗ್ಗಿ ಹಿಂದಿನ ರೆಕ್ಕೆಯನ್ನು ಮೇಲಕ್ಕೆತ್ತುತ್ತದೆ. ಹಿಂದು ಎದ್ದರೆ ಮುಂದು ಇನ್ನೂ ಕೆಳಗೆ. ಬ್ರಿಟನ್ನಿನ ಫಾರ್ನ್‌ಬರೋದಲ್ಲಿ, ಫ್ರಾನ್ಸಿನ ಷಾಲೆ-ಮ್ಯುದೋನ್‌ನಲ್ಲಿ 1936ರಲ್ಲಿ ಪೂರ್ಣ ಗಾತ್ರದ ಹೇನನ್ನೇ ದೊಡ್ಡ ಗಾಳಿ ಸುರಂಗದೊಳಗಿಟ್ಟು ಪರೀಕ್ಷಿಸಿದಾಗ ಇದು ಬಯಲಾಯಿತು. ಮೂತಿ ಸುಮಾರು 15 ಡಿಗ್ರಿಗಿಂತ ಕೆಳಕ್ಕೆ ತಿರುಗಿದ ಮೇಲೆ ಹಿಡಿಕೋಲು ಎಳೆಯುವುದರಿಂದ ಮೂತಿ ಏಳುವುದಿಲ್ಲ. ಬದುಕಲು ಎಳೆದವನ ಎಳೆತವೇ ಅವನನ್ನು ಕೆಳಕ್ಕೆ ತಳ್ಳುತ್ತದೆ.

ಇದನ್ನು ಓದಿದ ದಿನ ನನಗೆ ನಿದ್ದೆ ಬರಲಿಲ್ಲ. ವಿಮಾನ ಬೀಳುತ್ತದೆ ಎಂಬುದಕ್ಕಲ್ಲ, ಎಲ್ಲ ವಿಮಾನವೂ ಬೀಳಬಲ್ಲದು. ಗುಣ ಎಲ್ಲಿತ್ತೋ ದೋಷವೂ ಅಲ್ಲೇ ಇತ್ತಲ್ಲ ಎಂಬುದಕ್ಕೆ. ಒಂದೇ ಸಂದು. ಗುಣವನ್ನು ಕಂಡವನಿಗೆ ದೋಷ ಕಾಣದಿದ್ದದ್ದು ಕಣ್ಣು ಬೇರೆಡೆ ಇದ್ದುದರಿಂದ ಅಲ್ಲ, ಸರಿಯಾದ ಜಾಗವನ್ನೇ ನೋಡುತ್ತಿದ್ದುದರಿಂದ.

ಸಮ್ಮತಿಯ ಬಗ್ಗೆ ಓದುವವರಿಗೆಲ್ಲ ಜಾನ್ ಸ್ಟುವರ್ಟ್ ಮಿಲ್‌ನ ಸೇತುವೆ ಗೊತ್ತಿರುತ್ತದೆ. 1859ರ ‘ಆನ್ ಲಿಬರ್ಟಿ’ಯಲ್ಲಿ ಬರುತ್ತದೆ. ಮುರಿದು ಬೀಳುವಂತಿರುವ ಸೇತುವೆಯತ್ತ ಒಬ್ಬ ಹೋಗುತ್ತಿದ್ದಾನೆ. ಎಚ್ಚರಿಸಲು ಹೊತ್ತಿಲ್ಲದಿದ್ದರೆ ಅವನನ್ನು ಹಿಡಿದು ನಿಲ್ಲಿಸಿದರೆ ತಪ್ಪಲ್ಲ. ಅವನಿಗೆ ಬೇಕಾದದ್ದು ಆಚೆ ದಡ, ನದಿಗೆ ಬೀಳುವುದಲ್ಲ. ಆದರೆ ಬೀಳುವ ಅಪಾಯವಿದೆ ಎಂದು ತಿಳಿಸಿದ ಮೇಲೂ ಹೋಗುತ್ತೇನೆ ಎಂದರೆ ಹೋಗಲು ಬಿಡಬೇಕು. ಆ ಅಪಾಯಕ್ಕೆ ಬೆಲೆ ಕಟ್ಟಬೇಕಾದವನು ಅವನೇ. ಹೇನು ಕಟ್ಟಿದವರಿಗೆ ಇದನ್ನು ಅನ್ವಯಿಸಿದರೆ ಅರ್ಧ ಸರಿಹೋಗುತ್ತದೆ. ಆಕಾಶಕ್ಕೇರಿದರೆ ಬೀಳಬಹುದು ಎಂಬುದು ಯಾರಿಗೆ ಗೊತ್ತಿರಲಿಲ್ಲ? ವಿಮಾನದಲ್ಲಿ ಒಂದೇ ಸೀಟು, ಜೊತೆಗೆ ಯಾರೂ ಇಲ್ಲ. ಅವರವರ ಜೀವ, ಅವರವರ ಮರ, ಅವರವರ ಮೊಳೆ.

ಉಳಿದರ್ಧ ಸರಿಹೋಗುವುದಿಲ್ಲ. ಮಿಲ್‌ನ ದಾರಿಹೋಕನಿಗೆ ಎಚ್ಚರಿಸಲು ದಡದಲ್ಲಿ ಒಬ್ಬ ಬಲ್ಲವನಿದ್ದಾನೆ. ಇಲ್ಲಿ ದಡದಲ್ಲಿದ್ದವನಿಗೂ ಗೊತ್ತಿಲ್ಲ. ಮೇಲಾಗಿ ಆತ ಎಚ್ಚರಿಸುತ್ತಿಲ್ಲ, ನಡೆಯಿರಿ, ಗಟ್ಟಿಯಾಗಿದೆ, ನಾನೇ ದಾಟಿದ್ದೇನೆ ಎಂದು ಕೈ ಬೀಸಿ ಕರೆಯುತ್ತಿದ್ದಾನೆ. ಗೊತ್ತಿರುವ ಅಪಾಯಕ್ಕೆ ಒಪ್ಪಿಗೆ ಕೊಡಲು ಬರುತ್ತದೆ. ಯಾರಿಗೂ ಗೊತ್ತಿಲ್ಲದ ಅಪಾಯಕ್ಕೆ ಕೊಟ್ಟ ಒಪ್ಪಿಗೆ, ಬರೆಯದ ಹಾಳೆಯ ಕೆಳಗೆ ಹಾಕಿಕೊಟ್ಟ ರುಜುವಿನಂತೆ. ಅಂಥ ರುಜು ಹಾಕುವವರು ಹಾಳೆಯನ್ನು ನೋಡಿ ಹಾಕುವುದಿಲ್ಲ, ಹಾಳೆ ಹಿಡಿದವನ ಮುಖ ನೋಡಿ ಹಾಕುತ್ತಾರೆ.

ಹಾಗಾದರೆ ಮಿನ್ಯೆ ತಪ್ಪಿತಸ್ಥ ಎಂದು ಮುಗಿಸಿಬಿಡಬಹುದೇ? ನನ್ನ ಸಹಪಾಠಿಗಳಲ್ಲಿ ಹೆಚ್ಚಿನವರು ಹಾಗೇ ಅಂದರು, ಅದೂ ಚಹಾ ಮುಗಿಯುವುದರೊಳಗೆ. ಪರೀಕ್ಷೆ ಮಾಡದೆ ಯಾಕೆ ಹಂಚಿದ? ಆದರೆ ಆತ ಪರೀಕ್ಷೆ ಮಾಡದೆ ಇರಲಿಲ್ಲ. ಒಬ್ಬಂಟಿ ಮನುಷ್ಯನೊಬ್ಬ ಬಯಲಿನಲ್ಲಿ ಮಾಡಬಹುದಾದ ಪರೀಕ್ಷೆಯನ್ನು ಮಾಡಿದ, ತನ್ನ ಮೈಯನ್ನೇ ಒಡ್ಡಿ ಮಾಡಿದ. ಆಳೆತ್ತರದ ವಿಮಾನ ಹಿಡಿಸುವ ಗಾಳಿ ಸುರಂಗ ಸರ್ಕಾರಗಳ ಹತ್ತಿರ ಮಾತ್ರ ಇತ್ತು. ಸರ್ಕಾರಗಳು ಅದನ್ನು ಹೇನಿಗಾಗಿ ತೆರೆದದ್ದು ಜನ ಸತ್ತ ಮೇಲೆ. ಬಲ್ಲವರಿಗೂ ಈ ದೋಷ ಮೊದಲು ಕಂಡಿರಲಿಲ್ಲ. ಹಾರಾಟದ ಅನುಮತಿ ಕೊಟ್ಟ ಬ್ರಿಟನ್ನಿನ ಅಧಿಕಾರಿಗಳಿಗಂತೂ ಕಂಡಿರಲಿಲ್ಲ. ಜ್ಞಾನ ಯಾರ ಮನೆಯಲ್ಲಿ ಬೀಗ ಹಾಕಿಕೊಂಡು ಕೂತಿತ್ತು ಎಂಬುದನ್ನು ಕೇಳದೆ, ಅಜ್ಞಾನಿ ಎಂದು ಹೊರಗಿನವನನ್ನು ಬೈಯುವುದು ನನಗೆ ನ್ಯಾಯವಾಗಿ ಕಾಣುವುದಿಲ್ಲ.

ನನ್ನ ತಕರಾರು ಬೇರೆ ಕಡೆ ಇದೆ. ಪುಸ್ತಕದುದ್ದಕ್ಕೂ ಮಿನ್ಯೆ ಪಂಡಿತರನ್ನು ಚುಚ್ಚುತ್ತಾನೆ. ಲೆಕ್ಕ ಹಾಕುವವರು ಹಾರುವುದಿಲ್ಲ, ಹಾರುವವರಿಗೆ ಲೆಕ್ಕ ಬೇಡ ಎಂಬ ಧಾಟಿ. ಓದಲು ಬಲು ಮಜ. ಆದರೆ ಆ ಮಜಾ ಓದುಗನಿಗೆ ಒಂದು ಕೆಲಸ ಮಾಡುತ್ತದೆ, ಸಂಶಯಪಡುವ ಹಕ್ಕನ್ನು ನಾಚಿಕೆಯಾಗಿ ಮಾರ್ಪಡಿಸುತ್ತದೆ. ಪುಸ್ತಕ ಹಿಡಿದು ಕೊಟ್ಟಿಗೆಯಲ್ಲಿ ಕೂತ ಯುವಕನಿಗೆ, ಈ ಎರಡು ರೆಕ್ಕೆಗಳು ಇಷ್ಟು ಹತ್ತಿರ ಇರಬೇಕೇ ಎಂದು ಒಂದು ಗಳಿಗೆ ಅನಿಸಿದ್ದರೆ, ಥೂ, ನಾನೂ ಪಂಡಿತರ ಹಾಗೆ ಯೋಚಿಸಿಬಿಟ್ಟೆನಲ್ಲ ಎಂದು ಮೊಳೆ ಎತ್ತಿಕೊಂಡಿರುತ್ತಾನೆ. ಅಜ್ಞಾನವನ್ನು ಕ್ಷಮಿಸಬಹುದು. ಪ್ರಶ್ನೆಯನ್ನು ಅಂಜುಬುರುಕತನ ಎಂದು ಕರೆದದ್ದನ್ನು ಕ್ಷಮಿಸುವುದು ಕಷ್ಟ.

ಇನ್ನೊಂದು ತೊಡಕೂ ಇದೆ. ಹೇನು ಕಟ್ಟಿದವರೆಲ್ಲ ಮಿನ್ಯೆ ಹೇಳಿದ ಹೇನನ್ನೇ ಕಟ್ಟಲಿಲ್ಲ. ಬ್ರಿಟನ್ನಿನಲ್ಲಿ ಸಿಕ್ಕ ಎಂಜಿನ್ ಹಾಕಿದರು. ಕೆಲವರು ಮೋಟರ್ ಸೈಕಲಿನದು, ಕೆಲವರು ಫೋರ್ಡ್ ಕಾರಿನ ಎಂಜಿನ್ನನ್ನು ಮಾರ್ಪಡಿಸಿದ್ದು. ಎಂಜಿನ್ ಭಾರವಾದರೆ, ಕೂರುವವನು ದಪ್ಪಗಿದ್ದರೆ, ತೂಕದ ಕೇಂದ್ರ ಹಿಂದುಮುಂದಾಗುತ್ತದೆ. ಹೇನಿನಂಥ ಪುಟ್ಟ ವಿಮಾನಕ್ಕೆ ಒಂದು ಅಂಗುಲವೂ ದೊಡ್ಡದೇ. ಒಂದೇ ಪುಸ್ತಕ ಓದಿ, ಒಂದೇ ಶ್ರದ್ಧೆಯಿಂದ ಕಟ್ಟಿದ ಇಬ್ಬರಲ್ಲಿ ತೆಳ್ಳಗಿನವನು ಮೊಮ್ಮಕ್ಕಳಿಗೆ ಕಥೆ ಹೇಳಲು ಉಳಿದ, ದಪ್ಪನೆಯವನು ಉಳಿಯಲಿಲ್ಲ ಎಂದಿಟ್ಟುಕೊಳ್ಳಿ. 1976ರಲ್ಲಿ ಬರ್ನಾರ್ಡ್ ವಿಲಿಯಮ್ಸ್ ಮತ್ತು ಥಾಮಸ್ ನೇಗಲ್ ‘ನೈತಿಕ ಅದೃಷ್ಟ’ ಎಂಬ ವಿಚಿತ್ರ ಜೋಡಿಪದವನ್ನು ಚರ್ಚೆಗೆ ತಂದರು. ನಮ್ಮ ಕೈಯಲ್ಲಿ ಇಲ್ಲದ ಸಂಗತಿಗಳು ನಮ್ಮ ಒಳ್ಳೆಯತನ ಕೆಟ್ಟತನಗಳ ತೀರ್ಪನ್ನು ಬದಲಿಸುತ್ತವೆಯಲ್ಲ, ಹಾಗಾಗಬೇಕೇ ಎಂಬುದು ಅವರ ಪ್ರಶ್ನೆ. ಮಿನ್ಯೆ ತಾನೇ ನಕ್ಷೆ ಹಾಕಿದ ವಿಮಾನದಲ್ಲಿ, ತನ್ನದೇ ತೂಕಕ್ಕೆ ಹೊಂದಿದ ವಿಮಾನದಲ್ಲಿ, ಮೆಲ್ಲಗೆ ಹಾರಿದ. ಆ ಸಂದು ಆತನಿಗೆ ಹಲ್ಲು ತೋರಿಸಲಿಲ್ಲ. ಯಾರೂ ಕಡಿದಾಗಿ ಇಳಿಯದೆ ಹೋಗಿದ್ದರೆ ಇವತ್ತು ಆತನ ಪ್ರತಿಮೆಗಳಿರುತ್ತಿದ್ದವು. ನಡತೆ ಅದೇ, ಪುಸ್ತಕ ಅದೇ, ತೀರ್ಪು ಮಾತ್ರ ಬೇರೆ.

ಅದೃಷ್ಟಕ್ಕೆ ಎಲ್ಲವನ್ನೂ ಬಿಟ್ಟುಕೊಡಲು ನನಗಿಷ್ಟವಿಲ್ಲದ ಕಾರಣ ನಲವತ್ತು ವರ್ಷ ಮುಂದಕ್ಕೆ, ಸಾಗರದಾಚೆ ಹೋಗಬೇಕು. ಕ್ಯಾಲಿಫೋರ್ನಿಯಾದ ಮೊಹಾವಿ ಮರುಭೂಮಿಯಲ್ಲಿ ಬರ್ಟ್ ರುಟಾನ್ ಎಂಬ ಎಂಜಿನಿಯರ್ 1970ರ ದಶಕದಲ್ಲಿ ಮನೆಯಲ್ಲಿ ಕಟ್ಟುವ ವಿಮಾನಗಳ ನಕ್ಷೆ ಮಾರತೊಡಗಿದ. 1975ರಲ್ಲಿ ಹಾರಿದ ‘ವೇರಿಈಜಿ’, 1979ರಲ್ಲಿ ಬಂದ ‘ಲಾಂಗ್-ಈಜಿ’. ನೋಡಿದರೆ ಹಿಂದುಮುಂದಾಗಿ ಹಾರುತ್ತಿವೆಯೇನೋ ಅನ್ನಿಸುವ ವಿಮಾನಗಳು. ಎಂಜಿನ್ ಹಿಂದೆ, ಪುಟ್ಟ ರೆಕ್ಕೆ ಮೂತಿಯ ಹತ್ತಿರ, ದೊಡ್ಡ ರೆಕ್ಕೆ ಹಿಂದೆ. ಫೋಮನ್ನು ಕಾದ ತಂತಿಯಿಂದ ಕೊಯ್ದು ಮೇಲೆ ಗಾಜಿನ ನಾರು, ರಾಳ ಮೆತ್ತಿ ಕಟ್ಟುವುದು. ಇಲ್ಲೂ ಸ್ಟಾಲ್ ಆಗದಿರುವ ಕನಸಿದೆ. ಮುಂದಿನ ಪುಟ್ಟ ರೆಕ್ಕೆ ಮೊದಲು ಸೋಲುತ್ತದೆ, ಮೂತಿ ತಾನಾಗಿ ಇಳಿಯುತ್ತದೆ, ದೊಡ್ಡ ರೆಕ್ಕೆ ಸೋಲುವ ಸಂದರ್ಭ ಬರುವುದಿಲ್ಲ. ಈ ನಕ್ಷೆಗೂ ನಮಗೂ ಒಂದು ನಂಟಿದೆ. ಬೆಂಗಳೂರಿನ ರಾಷ್ಟ್ರೀಯ ವೈಮಾಂತರಿಕ್ಷ ಪ್ರಯೋಗಾಲಯ, ಅಂದರೆ ನಮ್ಮ ಎನ್‌ಎಎಲ್, 1980ರ ದಶಕದಲ್ಲಿ ಲಾಂಗ್-ಈಜಿಯ ವಿನ್ಯಾಸವನ್ನೇ ಆಧರಿಸಿ ಒಂದು ಸಂಶೋಧನಾ ವಿಮಾನ ಕಟ್ಟಿ ಹಾರಿಸಿತು. ಗ್ಯಾರೇಜಿಗೆಂದು ಬರೆದ ನಕ್ಷೆ ಪ್ರಯೋಗಾಲಯಕ್ಕೂ ಪಾಠವಾಯಿತು. ಮುಂದೆ ಅಲ್ಲೇ ಹುಟ್ಟಿದ ‘ಹಂಸ’ ತರಬೇತಿ ವಿಮಾನದ ಮೈಯೂ ನಾರು-ರಾಳದ್ದೇ.

ರುಟಾನ್ ಎಂಜಿನಿಯರ್ ಆಗಿದ್ದ, ಮಿನ್ಯೆ ಹವ್ಯಾಸಿಯಾಗಿದ್ದ, ವ್ಯತ್ಯಾಸ ಅಷ್ಟೇ ಎಂದು ಹೇಳುವವರಿದ್ದಾರೆ. ನನಗೆ ಕಾಣುವ ವ್ಯತ್ಯಾಸ ಒಂದು ಸಣ್ಣ ಪತ್ರಿಕೆಯದು. ನಕ್ಷೆ ಕೊಂಡವರಿಗಾಗಿ ರುಟಾನ್‌ನ ಸಂಸ್ಥೆ ‘ಕನಾರ್ಡ್ ಪುಷರ್’ ಎಂಬ ಪತ್ರಿಕೆ ಹೊರಡಿಸುತ್ತಿತ್ತು. ನಕ್ಷೆಯ ಇಂಥ ಪುಟದಲ್ಲಿ ತಪ್ಪಿದೆ, ತಿದ್ದಿಕೊಳ್ಳಿ. ಈ ಬದಲಾವಣೆ ಕಡ್ಡಾಯ, ಮಾಡದೆ ಹಾರಬೇಡಿ. ಇಂಥಲ್ಲೊಬ್ಬರ ವಿಮಾನ ಬಿತ್ತು, ಕಾರಣ ಇದು. ಓದಲು ಒಣ ಒಣ. ಮಿನ್ಯೆಯ ಒಂದು ಪುಟದ ಸೊಗಸೂ ಅದರಲ್ಲಿಲ್ಲ. ಆದರೆ ನಾನು ಹುಡುಕುತ್ತಿದ್ದ ಹೊಣೆ ಇದ್ದದ್ದು ಅಲ್ಲಿ. ಊಟಕ್ಕೆ ಕರೆದವನು ಮನೆಯಲ್ಲಿರಬೇಕಲ್ಲವೇ? ಕರೆಯುವ ಮೊದಲು ಎಲ್ಲವನ್ನೂ ತಿಳಿದಿರಬೇಕು ಎಂದರೆ ಯಾರೂ ಯಾರನ್ನೂ ಯಾವುದಕ್ಕೂ ಕರೆಯಲಾಗುವುದಿಲ್ಲ. ಕರೆದ ಮೇಲೆ ಬಾಗಿಲು ತೆರೆದಿಟ್ಟು, ನಿನ್ನೆ ಹೇಳಿದ್ದು ತಪ್ಪಾಗಿತ್ತು ಎಂದು ಕೂಗಿ ಹೇಳುವಷ್ಟು ಹತ್ತಿರದಲ್ಲಿರಬೇಕು. ‘ಬಹುದು’ವಿನ ಮೂರನೆಯ ಅರ್ಥ ಹೇಳಿದ ಕ್ಷಣದಲ್ಲಿ ಮುಗಿಯುವಂಥದ್ದಲ್ಲ, ಬಾವಿಯ ನೀರು ಹಾಳಾದ ದಿನ ಹೋಗಿ ಹೇಳಬೇಕಾಗುತ್ತದೆ.

ಇದರಿಂದ ಎಲ್ಲವೂ ಸರಿಹೋಯಿತು ಎಂದಲ್ಲ. 1997ರ ಅಕ್ಟೋಬರ್ 12ರಂದು ಗಾಯಕ ಜಾನ್ ಡೆನ್ವರ್ ಕ್ಯಾಲಿಫೋರ್ನಿಯಾದ ಮಾಂಟೆರೆ ಕೊಲ್ಲಿಯಲ್ಲಿ ಸತ್ತದ್ದು ಲಾಂಗ್-ಈಜಿಯಲ್ಲಿ. ಅದನ್ನು ಕಟ್ಟಿದವರು ಬೇರೆ, ಡೆನ್ವರ್ ಆಗಷ್ಟೇ ಕೊಂಡಿದ್ದರು. ಒಂದು ಇಂಧನ ಟ್ಯಾಂಕಿನಿಂದ ಇನ್ನೊಂದಕ್ಕೆ ಬದಲಿಸುವ ಹಿಡಿಯನ್ನು ರುಟಾನ್‌ನ ನಕ್ಷೆ ಪೈಲಟನ ಕೈಗೆ ಸುಲಭವಾಗಿ ಎಟಕುವಲ್ಲಿ ತೋರಿಸಿತ್ತು. ಕಟ್ಟಿದವರು ಅದನ್ನು ಪೈಲಟನ ಎಡ ಭುಜದ ಹಿಂದಕ್ಕೆ ಒಯ್ದಿದ್ದರು. ಕಾರಣ ಕೇಳಿ: ಇಂಧನದ ಕೊಳವೆ ಮನುಷ್ಯ ಕೂರುವ ಜಾಗದೊಳಗೆ ಬರಬಾರದು ಎಂಬ ಕಾಳಜಿ. ಟ್ಯಾಂಕಿನಲ್ಲಿ ಇಂಧನ ಕಡಿಮೆಯಿತ್ತು, ಹಿಡಿ ಬಿಗಿಯಾಗಿತ್ತು, ಅದನ್ನು ತಿರುಗಿಸಲು ಮೈ ತಿರುಚುವಾಗ ಕಾಲು ಚುಕ್ಕಾಣಿಯ ಪೆಡಲನ್ನು ಒತ್ತಿತು ಎಂಬುದು ತನಿಖೆ ಮುಟ್ಟಿದ ತೀರ್ಮಾನ. ವಿನ್ಯಾಸಕ ಸರಿಯಾಗಿಯೇ ಬರೆದಿದ್ದ. ಕಟ್ಟಿದವರು ಒಳ್ಳೆಯದಕ್ಕೇ ಬದಲಿಸಿದ್ದರು. ಹಾರಿದವರಿಗೆ ಹಿಡಿ ಎಲ್ಲಿದೆಯೆಂದು ಗೊತ್ತೇ ಇತ್ತು. ಮೂವರ ನಡುವೆ ಹೊಣೆಯನ್ನು ಹೋಳು ಮಾಡಿ ಹಂಚಲು ನಾನು ಬಹಳ ಪ್ರಯತ್ನಪಟ್ಟಿದ್ದೇನೆ. ಹೇಗೆ ಹಂಚಿದರೂ ಒಂದು ತುಂಡು ಮಿಗುತ್ತದೆ.

ರುಟಾನ್ ಆ ಹೊತ್ತಿಗೆ ನಕ್ಷೆ ಮಾರುವುದನ್ನು ಬಿಟ್ಟು ಹನ್ನೆರಡು ವರ್ಷವಾಗಿತ್ತು. 1985ರಲ್ಲಿ ನಿಲ್ಲಿಸಿದ. ಯಾರೋ ಕಟ್ಟಿದ್ದಕ್ಕೆ ತಾನು ನ್ಯಾಯಾಲಯದ ಕಟಕಟೆ ಹತ್ತಬೇಕಾದೀತು ಎಂಬ ಭಯ ಕಾರಣ. ಅದನ್ನು ಹೇಡಿತನ ಅನ್ನಲಾರೆ. ಆದರೆ ಅದನ್ನು ನೈತಿಕ ನಿಲುವು ಎಂದೂ ಕರೆಯಲಾರೆ. ಹೊಣೆಯೆಂದರೆ ಬರೀ ದಂಡದ ಬಾಬತ್ತು ಎಂದು ಸಮಾಜ ತೀರ್ಮಾನಿಸಿದರೆ ಜಾಣರೆಲ್ಲ ಸುಮ್ಮನಾಗುತ್ತಾರೆ. ಸುಮ್ಮನಿರುವವನ ಕೈಗೆ ರಕ್ತ ಅಂಟುವುದಿಲ್ಲ, ನಿಜ. ಅಂಟೂ ಮೆತ್ತುವುದಿಲ್ಲ. ನಾನು ರುಟಾನ್‌ನನ್ನು ಮೆಚ್ಚುವುದು ನಿಲ್ಲಿಸಿದ ಮೇಲಿನ ನಡತೆಗಾಗಿ. ಹೊಸಬರಿಗೆ ನಕ್ಷೆ ಇಲ್ಲ ಎಂದ, ಆದರೆ ಆಗಲೇ ಕೊಂಡು ಕಟ್ಟುತ್ತಿದ್ದವರ ಕೈ ಬಿಡಲಿಲ್ಲ, ಪತ್ರಿಕೆ ಮುಂದುವರಿಯಿತು.

ಇದೆಲ್ಲ ನನಗೆ ಪುಸ್ತಕದ ಪ್ರಶ್ನೆಯಾಗಿ ಉಳಿದಿಲ್ಲ. ಹೋದ ವರ್ಷ ಎಂ.ಎ. ಮುಗಿಸಿದ ಹುಡುಗಿಯೊಬ್ಬಳು ವಿಭಾಗದ ಕಾರಿಡಾರಿನಲ್ಲಿ ಹಿಡಿದು ಕೇಳಿದಳು, ‘ಅಲ್ಲ, ನಾನೂ ಪಿಎಚ್‌ಡಿ ಮಾಡಬಹುದಾ?’ ಮನೆಯಲ್ಲಿ ಮೊದಲ ಪದವೀಧರೆ, ಅಪ್ಪನಿಗೆ ಸಾಲವಿದೆ, ಬ್ಯಾಂಕಿನ ಪರೀಕ್ಷೆಗೆ ಕೂತರೆ ಪಾಸಾಗುವ ಬುದ್ಧಿಯಿದೆ. ಮಾಡಬಲ್ಲೆ ಎಂಬುದರಲ್ಲಿ ನನಗೆ ಅನುಮಾನವಿರಲಿಲ್ಲ, ಅವಳ ಸೆಮಿನಾರ್ ಪ್ರಬಂಧ ನಾನು ಓದಿದ್ದೆ. ಆದರೆ ಅವಳು ಕೇಳಿದ್ದು ‘ಬಹುದಾ’ ಎಂದು. ಫೆಲೋಶಿಪ್ ತಿಂಗಳುಗಟ್ಟಲೆ ತಡವಾಗಿ ಬರುವುದು, ಐದನೆಯ ವರ್ಷದಲ್ಲಿ ನೆಂಟರೆದುರು ಏನು ಹೇಳಬೇಕೆಂದು ತಿಳಿಯದಿರುವುದು, ಇದೆಲ್ಲ ನನಗೆ ಗೊತ್ತಿರುವ ಅಪಾಯಗಳು, ಹೇಳಿದೆ. ಗೊತ್ತಿಲ್ಲದವು ಇವೆ, ನನ್ನ ದಾರಿಯೇ ಇನ್ನೂ ಮುಗಿದಿಲ್ಲ ಎಂಬುದನ್ನೂ ಹೇಳಿದೆ. ‘ಹಾಗಾದ್ರೆ ಬೇಡ ಅಂತೀರಾ?’ ಎಂದಳು. ಬೇಡ ಎನ್ನುವುದು ಬಹಳ ಸುಲಭವಿತ್ತು. ನಮ್ಮಂಥವರ ಮನೆಗಳಲ್ಲಿ ಒಂದೊಂದು ತಲೆಮಾರಿಗೂ ಯಾರೋ ಒಬ್ಬರು ಪ್ರೀತಿಯಿಂದಲೇ ಬೇಡ ಎಂದಿರುತ್ತಾರೆ, ಅದರಿಂದ ಯಾರೂ ಸತ್ತ ವರದಿಯಿಲ್ಲ. ‘ಬೇಡ ಅನ್ನಲ್ಲ. ಬಾ. ನನ್ನ ನಂಬರ್ ತಗೋ, ಎಂಟ್ರೆನ್ಸ್ ಆದ್ಮೇಲೂ ಫೋನ್ ಮಾಡು’ ಎಂದೆ. ಈಗ ಅವಳು ಕೋರ್ಸ್‌ವರ್ಕಿನಲ್ಲಿದ್ದಾಳೆ. ವಾರಕ್ಕೊಮ್ಮೆ ಫೋನು ಬರುತ್ತದೆ, ಕೆಲವೊಮ್ಮೆ ನಾನು ಬರೆಯುತ್ತಿರುವಾಗಲೇ. ಎತ್ತುತ್ತೇನೆ.

ಬ್ರಿಟನ್ನಿನಲ್ಲಿ ಹೇನಿನ ಕಥೆ 1936ರ ನಂತರ ಬೇಗ ಮುಗಿಯಿತು. ಅನುಮತಿಗಳು ಒಂದೊಂದಾಗಿ ನಿಂತು, 1939ರ ಹೊತ್ತಿಗೆ ಪೂರ್ತಿ ತೀರಿದವು. ಕಟ್ಟಿ ಮುಗಿಸಿಯೂ ಹಾರಿಸದೆ ಉಳಿದವು ಅಟ್ಟ ಸೇರಿದವು. ಕೆಲವು ಈಗ ವಸ್ತುಸಂಗ್ರಹಾಲಯಗಳ ಸೂರಿನಿಂದ ನೇತಾಡುತ್ತಿವೆ. ಫ್ರಾನ್ಸಿನಲ್ಲಿ ಬೇರೆಯಾಯಿತು. ಸುರಂಗದ ಫಲಿತಾಂಶ ಬಂದ ಮೇಲೆ ಮಿನ್ಯೆ ವಿನ್ಯಾಸ ತಿದ್ದಿದ. ಪಂಡಿತರ ಸುರಂಗ ಹೇಳಿದ್ದನ್ನು ಪಂಡಿತರನ್ನು ಬೈದವನೇ ಕೇಳಬೇಕಾಯಿತು, ಕೇಳಿದ. ಆಮೇಲೂ ಎರಡು ರೆಕ್ಕೆಯ ವಿಮಾನಗಳನ್ನೇ ಮಾಡುತ್ತ, ದೇಶದಿಂದ ದೇಶಕ್ಕೆ ಅಲೆಯುತ್ತ, 1965ರಲ್ಲಿ ತೀರಿಕೊಂಡ. ಹೇನಿನ ಸಂತತಿಯನ್ನು ಅಲ್ಲಿನ ಹವ್ಯಾಸಿಗಳು ಇಂದಿಗೂ ಕಟ್ಟುತ್ತಾರೆ, ಹಾರಿಸುತ್ತಾರೆ. ಒಂದರ ಹಿಂದೆ ಒಂದು ರೆಕ್ಕೆ, ಕಾಲಿಗೆ ಕೆಲಸವಿಲ್ಲ, ಎರಡರ ನಡುವೆ ಅದೇ ಸಂದು. ಎಷ್ಟು ಬಿಡಬೇಕು ಎಂಬುದನ್ನು ಈಗ ಅಳೆದು ಬಿಡುತ್ತಾ
ರೆ.